ಕರಿಹಲಗೆಯಲ್ಲಿ ಬರೆದ 'ಸಿನ್ಸಿಯರ್'

ವಡೋದರಾದ ಮಂಜಲ್‌ಪುರದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಬಾಗಿಲ ಪಕ್ಕದ ಕರಿಹಲಗೆಯಲ್ಲಿ ದಿನದ ಸ್ಪೆಷಲ್ ಬರೆಯುತ್ತೇನೆ. ಅದರ ಕೆಳಗೆ ಒಂದು ಇಂಗ್ಲಿಷ್ ಪದ, ಅದು ಹುಟ್ಟಿದ ಬಗೆ. ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಕನ್ನಡ ಮೀಡಿಯಂ. ಹುಚ್ಚು ಮಾತ್ರ ಎಂ.ಎ. ಮಟ್ಟದ್ದು. ಈ ಹುಚ್ಚು ಹಿಡಿಸಿದವರು ದಿನಾ ಬೆಳಿಗ್ಗೆ ಕಾಫಿಗೆ ಬರುವ ಗುಜರಾತಿ ಮೇಷ್ಟ್ರು, ರಿಟೈರಾದ ಇಂಗ್ಲಿಷ್ ಟೀಚರ್. ಆಲದ ಮರಕ್ಕೆ ಇಂಗ್ಲಿಷಿನಲ್ಲಿ ಬ್ಯಾನಿಯನ್ ಎಂಬ ಹೆಸರು ಬಂದದ್ದು ಅದರ ನೆರಳಲ್ಲಿ ಕೂರುತ್ತಿದ್ದ ವಾಣಿಯಾಗಳಿಂದ, ಅಂದರೆ ಗುಜರಾತಿ ವ್ಯಾಪಾರಿಗಳಿಂದ ಎಂದು ಅವರು ಹೇಳಿದ ದಿನ ನಾನು ಇಡ್ಲಿ ಪಾರ್ಸೆಲ್ ಕಟ್ಟುವುದನ್ನೇ ಮರೆತಿದ್ದೆ.

ಒಮ್ಮೆ ಮೊಬೈಲಿಗೆ ಬಂದ ಮೆಸೇಜನ್ನು ನಂಬಿ, ಅವರನ್ನು ಕೇಳದೆ, 'ಸಿನ್ಸಿಯರ್' ಎಂದು ಬರೆದೆ. ಲ್ಯಾಟಿನ್‌ನಲ್ಲಿ 'ಮೇಣವಿಲ್ಲದ್ದು' ಎಂದರ್ಥ. ಹಿಂದೆ ಶಿಲ್ಪಿಗಳು ಕಲ್ಲಿನ ಬಿರುಕಿಗೆ ಮೇಣ ಮೆತ್ತಿ ಮೋಸ ಮಾಡುತ್ತಿದ್ದರಂತೆ, ಮೇಣ ಮೆತ್ತದ ಪ್ರಾಮಾಣಿಕ ಕೆಲಸವೇ ಸಿನ್ಸಿಯರ್ ಅಂತೆ. ಗಿರಾಕಿಗಳು ಫೋಟೊ ತೆಗೆದರು, ನಾನು ಉಬ್ಬಿದೆ. ಮೇಷ್ಟ್ರು ಕಾಫಿ ಹೀರುತ್ತಾ, ಅದು ಕಟ್ಟುಕತೆ, ಮೂಲ ಪದಕ್ಕೆ ಶುದ್ಧ, ಕಲಬೆರಕೆಯಿಲ್ಲದ್ದು ಎಂದಷ್ಟೇ ಅರ್ಥ ಎಂದರು. ಅದೂ ಎಲ್ಲರಿಗೆ ಕೇಳುವ ಹಾಗೆ. ನನಗೆ ಮೈಯೆಲ್ಲ ಉರಿಯಿತು.

"ಇದು ಹೋಟೆಲು ಸಾಹೇಬ್, ನಿಮ್ಮ ಕ್ಲಾಸಲ್ಲ."

ಅವರು ಲೋಟ ಕೆಳಗಿಟ್ಟು ಎದ್ದುಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಹಲಗೆಯಲ್ಲಿ ಬರೀ 'ರವಾ ದೋಸೆ' ಎಂದು ಬರೆದು ಬಾಗಿಲು ನೋಡುತ್ತಾ ಕೂತೆ. ನಿಜ ಹೇಳಬೇಕೆಂದರೆ, ಈ ಊರಿನಲ್ಲಿ ಗಿರಾಕಿಗಳು ನೂರಾರು ಜನ, ಗೆಳೆಯರು ಅಂತ ಇದ್ದದ್ದು ಅವರೊಬ್ಬರೇ. ಅವರನ್ನು ನಾನೇ ಓಡಿಸಿದ್ದೆ.

ವಾರ ಕಳೆಯಿತು. ನನ್ನ ಮುಖ ನೋಡಿ ನೋಡಿ ಹೆಂಡತಿಗೆ ಸಾಕಾಗಿತ್ತು.

"ತಪ್ಪು ಬರೆದದ್ದು ನೀವು, ಬೈಸಿಕೊಂಡದ್ದು ಅವರು. ಇದೆಂಥ ನ್ಯಾಯ ಮಾರಾಯ್ರೆ?"

ಮರುದಿನ ಸ್ಪೆಷಲ್ ಕೂಡ ಬಿಟ್ಟು ಹಲಗೆ ತುಂಬ ಬರೆದೆ: ಸಿನ್ಸಿಯರ್ ಅಂದರೆ ಶುದ್ಧ. ಮೇಣದ ಕತೆ ಸುಳ್ಳು. ಮೇಷ್ಟ್ರು ಹೇಳಿದ್ದೇ ಸರಿ. ಪಾರ್ಸೆಲ್‌ಗೆ ಬಂದಿದ್ದ ಅವರ ಪಕ್ಕದ ಮನೆಯವರು ಅದರ ಫೋಟೊ ತೆಗೆದು ಅವರಿಗೆ ಕಳಿಸಿದರು.

ಅರ್ಧ ಗಂಟೆಯಲ್ಲಿ ಮೇಷ್ಟ್ರು ಹಾಜರ್. ಕನ್ನಡಕ ಏರಿಸಿ, ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ಹಲಗೆಯನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಮೂಲೆಯ ಟೇಬಲಿನಲ್ಲಿ ಕೂತರು.

"ಅಣ್ಣಾ, ಅವತ್ತು ಅರ್ಧ ಕಾಫಿ ಬಿಟ್ಟು ಹೋಗಿದ್ದೆ. ಅಷ್ಟೇ ಕೊಡಿ ಸಾಕು."

ನಾನು ಒಂದು ಪೂರ್ತಿ ಕಾಫಿ ತಂದು ಎರಡು ಲೋಟಕ್ಕೆ ಸುರಿದೆ. ಗಲ್ಲಾವನ್ನು ಹೆಂಡತಿಗೆ ಬಿಟ್ಟು ಅವರ ಎದುರಿಗೆ ಕೂತೆ.