ರಾರಾವಿಯಲ್ಲಿ ವಾಲಿದ ಹೊಳೆ

ಗೆಳೆಯರೇ, ನಮ್ಮ ಹವ್ಯಾಸಿ ಫೋಟೋ ಗುಂಪಿನಲ್ಲಿ ಇಂದು ಬೆಳಿಗ್ಗೆ ಗಾಂಧಿನಗರದ ಬಟ್ಟೆ ವ್ಯಾಪಾರಿ ರಫೀಕ್ ಭಾಯಿ ರಾರಾವಿ ಊರಿನ ಹೊಳೆಯ ಚಿತ್ರ ಹಾಕಿ, "ಇವತ್ತ ಸ್ಪರ್ಧೆಗೆ ಕಳಿಸಬೇಕು, ಹೆಂಗೈತಿ ಹೇಳ್ರಿ" ಎಂದರು. ಸಾಲುಸಾಲಾಗಿ 'ಸೂಪರ್' ಬಂದವು. ನಾನೊಬ್ಬ ಬರೆದೆ: "ಬೆಳಕು ಚಂದ, ಬಣ್ಣ ಚಂದ, ಹೊಳೆ ಮಾತ್ರ ಎಡಕ್ಕೆ ವಾಲಿದೆ. ನೇರ ಮಾಡಿ ಕಳಿಸಿ."

ತಕ್ಷಣ ಅವರ ಫೋನ್ ಬಂತು. "ಸಾರ್, ಇಳಿಜಾರಿಲ್ದ ಹೊಳಿ ಹೆಂಗ ಹರೀತೈತ್ರಿ?"

"ಹರೀಲಿ ಭಾಯಿ, ಆದ್ರ ಆಚಿ ದಂಡಿ ಪಂಪ್‌ಹೌಸೂ ಹೊಳ್ಯಾಗ ಬೀಳಂಗ ಕಾಣ್ತೈತಿ."

"ಹೌದಲ್ರಿ" ಎಂದವರು ನೇರ ಮಾಡಿಯೇ ಸ್ಪರ್ಧೆಗೆ ಕಳಿಸಿದರು.

ಸಂಜೆ ನಾನು ಹಾಕಿದ ಕುರುಗೋಡು ಗುಡ್ಡದ ಚಿತ್ರಕ್ಕೆ ಮೊದಲ ಮಾತು ಅವರದೇ: "ಗುಡ್ಡ ನೆಟ್ಟಗೈತ್ರಿ ಸಾರ್, ಕೆಳಗ ಬಂಡೆಗಲ್ಲ ಮ್ಯಾಲ ನಿಮ್ಮ ನೆರಳು ಬಿದ್ದೈತಿ."

ಬಿದ್ದಿತ್ತು. ಹೊಗಳುವವರು ಹಲವರು, ನೋಡುವವರು ಕೆಲವರು. ಇಂದಿನ ಲೆಕ್ಕಕ್ಕೆ ನಾವಿಬ್ಬರು.