ಮಾವನವರಿಗೆ ಓದಿ ಹೇಳಿದ ಗ್ರೀಕರು

ನಾನು ಚನ್ನಗಿರಿಗೆ ಸೊಸೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಮಾವನವರ ಕಣ್ಣು ಪೂರಾ ಹೋಯಿತು. ಅವರು ವಕೀಲರು. ಸುತ್ತಲಿನ ಊರುಗಳ ಜಮೀನು ತಕರಾರುಗಳನ್ನೆಲ್ಲ ನಡೆಸಿದವರು. ಕಣ್ಣು ಹೋದ ಮೇಲೆ ಕಕ್ಷಿದಾರರು ಬರುವುದು ನಿಂತಿತು. ಆದರೂ ದಿನಾ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಯಾರೋ ಬರುತ್ತಾರೆನ್ನುವಂತೆ ಪಡಸಾಲೆಯಲ್ಲಿ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಪಾತ್ರೆ ತೊಳೆದು ಒಳಗೆ ಬರುತ್ತಿದ್ದವಳನ್ನು ಕರೆದರು.

"ನಿನಗೆ ಇಂಗ್ಲಿಷ್ ಅಕ್ಷರ ಬರ್ತಾವೇನವ್ವಾ?"

ನನ್ನ ತವರು ನ್ಯಾಮತಿ. ಅಪ್ಪ ಬಟ್ಟೆ ಅಂಗಡಿಯವರಾದರೂ ನನ್ನನ್ನು ಮಿಡ್ಲ್ ಸ್ಕೂಲಿನವರೆಗೆ ಓದಿಸಿದ್ದರು. "ಅಕ್ಷರ ಬರ್ತಾವೆ ಮಾವಾರೆ. ಅರ್ಥ ಆಗಲ್ಲ" ಎಂದೆ.

"ಅರ್ಥ ನಾ ಹೇಳ್ತೀನಿ. ನೀ ಅಕ್ಷರ ಹೇಳು."

ಹೀಗೆ ಶುರುವಾಯಿತು. ಹೊನ್ನಾಳಿಯಲ್ಲಿದ್ದ ಅವರ ಸ್ನೇಹಿತರು, ನಿವೃತ್ತ ಹೆಡ್ ಮಾಸ್ಟರು, ಇಬ್ಬರು ಗ್ರೀಕರು ಬರೆದ ರಾಜ್ಯಶಾಸ್ತ್ರದ ಎರಡು ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಕಳಿಸಿಕೊಟ್ಟಿದ್ದರು. ಕಾಲೇಜಿನಲ್ಲಿ ಅರ್ಧಂಬರ್ಧ ಓದಿದ್ದನ್ನು ಸಾಯುವ ಮುಂಚೆ ಪೂರ್ತಿ ಮಾಡಬೇಕೆಂಬುದು ಮಾವನವರ ಹಟ. ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು, ಅವರು ಅದನ್ನು ಪದ ಮಾಡಿ, ಪದಗಳನ್ನು ಸೇರಿಸಿ, ಕನ್ನಡದಲ್ಲಿ ನನಗೇ ಹೇಳುವುದು. ಒಂದು ಪುಟ ಮುಗಿಯುವಷ್ಟರಲ್ಲಿ ನನ್ನ ಕತ್ತು ಸೋತು ಹೋಗುತ್ತಿತ್ತು. ನಸುಕಿಗೆ ಎದ್ದು ನೀರು ಸೇದಿ, ಕಸ ಮುಸುರೆ ಮಾಡಿ, ರೊಟ್ಟಿ ತಟ್ಟಿ ಬಂದ ಮೈ. ಗ್ರೀಕರ ಹೆಸರುಗಳು ನಾಲಿಗೆಗೆ ತೊಡರುತ್ತಿದ್ದವು. ತೂಕಡಿಸಿ ಸಾಲು ತಪ್ಪಿದರೆ ಮಾವನವರಿಗೆ ತಕ್ಷಣ ತಿಳಿಯುತ್ತಿತ್ತು. ಬೈಯುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

"ಸೊಸೇನ ಗುಮಾಸ್ತೆ ಮಾಡ್ಕೊಂಡ್ರಲ್ಲ" ಎಂದು ಅತ್ತೆ ಅಡಿಗೆಮನೆಯಿಂದಲೇ ಅನ್ನುತ್ತಿದ್ದರು.

ನಮ್ಮ ಯಜಮಾನರು ಮೋಜಣಿ ಇಲಾಖೆಯಲ್ಲಿದ್ದರು. ಹೊಲ ಅಳೆಯುತ್ತ ವರ್ಷದ ಬಹುಪಾಲು ಹೊರಗೇ. ಜಗಳೂರಿಗೆ ವರ್ಗವಾದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಾರೆಂದುಕೊಂಡಿದ್ದೆ. "ಅಪ್ಪಾಜಿಗೆ ಓದಿ ಹೇಳಾಕೆ ಯಾರಿದಾರೆ?" ಎಂದು ಒಬ್ಬರೇ ಹೊರಟರು.

ವರ್ಷ ಕಳೆದಂತೆ ಅಕ್ಷರ ಬಿಡಿಸುವುದು ತಪ್ಪಿ, ಪದ, ಆಮೇಲೆ ಸಾಲು ನನಗೇ ಅರ್ಥವಾಗತೊಡಗಿದವು. ಯಾರಿಗೂ ಒಬ್ಬೊಬ್ಬರೇ ಬದುಕಲು ಆಗದ್ದರಿಂದ ಊರು ಹುಟ್ಟಿತು ಎಂದು ಮೊದಲ ಪುಸ್ತಕದ ಗ್ರೀಕ ಬರೆದಿದ್ದ. ಉಳುವವನು, ಮನೆ ಕಟ್ಟುವವನು, ನೇಯುವವನು, ಚಪ್ಪಲಿ ಹೊಲಿಯುವವನು. "ಅನ್ನ ಬೇಯ್ಸೋರನ್ನ ಬರ್ದಿಲ್ಲಲ್ಲ ಮಾವಾರೆ" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಹೆಂಗಸರ ವಿಷಯ ಬರುವ ಹೊತ್ತಿಗೆ ನನಗೆ ಮಗಳು ಹುಟ್ಟಿದ್ದಳು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಓದುತ್ತಿದ್ದೆ. ತಕ್ಕ ಶಿಕ್ಷಣ ಕೊಟ್ಟರೆ ಹೆಂಗಸರೂ ಗಂಡಸರಂತೆ ರಾಜ್ಯ ಆಳಬಲ್ಲರು ಎಂದಿತ್ತು. ಓದಿದ್ದು ಸರಿಯೇ ಎಂದು ಇನ್ನೊಮ್ಮೆ ನೋಡಿದೆ. ಮದುವೆಯಾದಾಗಿನಿಂದ ನನ್ನ ಬಗ್ಗೆ ಯಾರೂ ಅಷ್ಟು ದೊಡ್ಡ ಮಾತು ಆಡಿರಲಿಲ್ಲ.

ಕೆಲವು ಪುಟ ದಾಟಿದೆವು. ಹಾಗೆ ಆಳುವ ಹೆಂಗಸರ ಮಕ್ಕಳನ್ನು ಹುಟ್ಟಿದ ಕೂಡಲೇ ದಾದಿಯರ ಕೈಗೆ ಕೊಡಬೇಕು. ಯಾವ ತಾಯಿಗೂ ತನ್ನ ಕೂಸು ಯಾವುದೆಂದು ತಿಳಿಯಬಾರದು ಎಂದಿತ್ತು. ನಾನು ನಿಲ್ಲಿಸಿಬಿಟ್ಟೆ.

"ಮುಂದೆ ಓದವ್ವಾ."

"ಓದಲ್ಲ ಮಾವಾರೆ."

ಅವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಮಾವನವರು "ಬರ್ದೋನು ಕೂಸು ಎತ್ಕೊಂಡೋನಲ್ಲ ಅಂತ ಕಾಣ್ತದೆ" ಎಂದರು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಏನಂತೆ ಅದು?" ಹೇಳಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ರಾಜ್ಯನೂ ಬ್ಯಾಡ, ಕೂಸು ಬಿಡೋದೂ ಬ್ಯಾಡ. ಮಧ್ಯಾಹ್ನ ಒಂದೀಟು ಮಲಗಾಕೆ ಬಿಟ್ರೆ ಸಾಕು" ಎಂದರು. ಅಂದಿನಿಂದ ಸಂಜೆಯ ನೀರನ್ನು ಅತ್ತೆಯೇ ಸೇದತೊಡಗಿದರು.

ಎರಡನೆಯ ಪುಸ್ತಕ ಆಗಷ್ಟೇ ಶುರು ಮಾಡಿದ್ದಾಗ ಮಾವನವರಿಗೆ ಚಳಿಜ್ವರ ಹಿಡಿಯಿತು. ಸೂಳೆಕೆರೆ ಕಡೆಯ ಹಳ್ಳಿಗಳಲ್ಲಿ ಆ ವರ್ಷ ಮನೆಗಿಬ್ಬರು ಮಲಗಿದ್ದರು. ಯುದ್ಧದ ಕಾಲ, ಅದಕ್ಕೆ ಕೊಡುವ ಕ್ವಿನೈನ್ ಮಾತ್ರೆ ಸಿಗುತ್ತಿರಲಿಲ್ಲ. ನಡುಗುತ್ತಲೇ "ಎಲ್ಲಿಗೆ ನಿಲ್ಸಿದ್ವಿ?" ಎಂದು ಕೇಳುತ್ತಿದ್ದರು. ಹಾಸಿಗೆಯ ಪಕ್ಕ ಕೂತು ಓದುತ್ತಿದ್ದೆ. ಅವರು ಕೇಳುತ್ತಿದ್ದರೋ ಇಲ್ಲವೋ ತಿಳಿಯದು. ಒಂದು ಬೆಳಿಗ್ಗೆ ಕೇಳುವುದನ್ನೇ ಬಿಟ್ಟರು. ಮಣ್ಣು ಮಾಡಿ ಬಂದ ದಿನ ಮಧ್ಯಾಹ್ನ ಮಲಗಲು ಪುರುಸೊತ್ತು ಸಿಕ್ಕಿತು, ನಿದ್ದೆ ಬರಲಿಲ್ಲ.

ಆಮೇಲೆ ಅತ್ತೆಯನ್ನೂ ಕರೆದುಕೊಂಡು ಜಗಳೂರಿಗೆ ಹೋದೆವು. ನೀರಿಗೆ ದೂರ ನಡೆಯಬೇಕಾದ ಊರು. ಉಳಿದ ಪುಸ್ತಕವನ್ನು ಅಲ್ಲಿ ಒಬ್ಬಳೇ ಓದಿದೆ. ಹೆಂಗಸಿಗೆ ವಿವೇಕವಿದೆ, ಆದರೆ ಆ ವಿವೇಕಕ್ಕೆ ಅಧಿಕಾರವಿಲ್ಲ ಎಂದು ಈ ಎರಡನೆಯವನ ಮತ. ಸಿಟ್ಟಾದರೂ ಬರಬೇಕಿತ್ತು. ವಾದ ಮಾಡಲು ಎದುರಿಗೆ ಮಾವನವರಿಲ್ಲ, ಪುಟ ತಿರುವಿದೆ.

ಸ್ವಾತಂತ್ರ್ಯ ಬಂದ ವರ್ಷ, ಮೈಸೂರು ಸೀಮೆಯಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಗಲಾಟೆ ಎದ್ದಾಗ, ಓಣಿಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರಿದರು. "ನೀವು ಓದಿದೋರು. ಪ್ರಜೆಗಳ ಸರ್ಕಾರ ಅಂದ್ರೆ ಹೆಂಗೆ, ಹೇಳ್ರಿ" ಎಂದರು. ನನಗೆ ನೆನಪಾದದ್ದು ಮಾವನವರು ಹೇಳಿದ್ದ ಅಥೆನ್ಸಿನ ಮುದುಕ, ಮೊದಲ ಪುಸ್ತಕ ಬರೆದವನ ಗುರು. ಪ್ರಶ್ನೆ ಕೇಳುತ್ತ ತಿರುಗಿದ್ದಕ್ಕೆ ಊರಿನವರೇ ಕೂತು, ಮತ ಎಣಿಸಿ, ವಿಷ ಕುಡಿಸಿದರೆಂದು ಹೇಳಿದೆ.

"ಓಟು ಹಾಕಿ ಕೊಂದ್ರಾ?" ಎಂದಳು ಎದುರು ಮನೆಯಾಕೆ. "ಮತ್ತೆ ಅದೇ ಬೇಕು ಅಂತೀರಲ್ಲ?"

"ರಾಜ ಕೊಂದಿದ್ರೆ ನಾವು ಅತ್ತು ಸುಮ್ನಾಗ್ಬೇಕಿತ್ತು" ಎಂದೆ. "ನಾವೇ ತಪ್ಪು ಮಾಡಿದ್ರೆ, ಮುಂದಿನ ಸಲ ಬ್ಯಾಡ ಅನ್ನಾಕೆ ನಮಗೇ ಬರ್ತೈತೆ."

ಅವಳಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರಾ ಒಪ್ಪಿಗೆಯಾಗಿತ್ತೆಂದು ಹೇಳಲಾರೆ. ಸುದ್ದಿ ಯಜಮಾನರ ಕಚೇರಿ ಮುಟ್ಟಿತು. "ಸರ್ಕಾರಿ ನೌಕರನ ಹೆಂಡ್ತಿ ಇಂಥದ್ದೆಲ್ಲ ಮಾತಾಡಬಾರದು, ಸಾಹೇಬ್ರು ಕೇಳಿದ್ರು" ಎಂದರು ಯಜಮಾನರು. ನಾನು ಉತ್ತರ ಹುಡುಕುವ ಮೊದಲೇ ಅತ್ತೆ ಒಳಗಿನಿಂದ, "ನಿಮ್ಮಪ್ಪ ಇದ್ದಿದ್ರೆ ಅವರೇ ಮಾತಾಡ್ತಿದ್ರು. ಅವರಿಲ್ಲ, ಇವಳು ಮಾತಾಡ್ತಾಳೆ, ಬಿಡು" ಎಂದರು.

ಯಜಮಾನರು ಮತ್ತೆ ಆ ಮಾತೆತ್ತಲಿಲ್ಲ. ಮಾರನೆಯ ದಿನ ಎದುರು ಮನೆಯಾಕೆ ಒಬ್ಬಳೇ ಬಂದಳು. ತನ್ನ ಹೆಸರು ಬರೆಯುವುದನ್ನು ಕಲಿಸಿಕೊಡಿ ಎಂದಳು. ತುಂಬ ದಣಿದಿದ್ದೆ. ಆದರೂ ಚಾಪೆ ಹಾಸಿದೆ.