ದೀಪಾಲಿಯ ಪ್ರಸ್ಥಾನ

ಪಕ್ಕದ ಮನೆಯವರ ಸೂಟ್‌ಕೇಸ್ ನಮ್ಮ ಮನೆಯಲ್ಲಿ ಬಂದು ಕೂತರೆ ಇಷ್ಟು ನಿಷ್ಠುರ ಕಟ್ಟಿಕೊಳ್ಳಬೇಕಾಗುತ್ತದೆ ಎಂದು ಗೊತ್ತಿದ್ದರೆ ನಾನು ಹೂಂ ಅನ್ನುತ್ತಲೇ ಇರಲಿಲ್ಲ. ಆದರೆ ಕೇಳಿದವಳು ದೀಪಾಲಿ. ಆ ಹುಡುಗಿಗೆ ಇಲ್ಲ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಪುಣೆಯ ಗುಲ್ಟೇಕಡಿಯ ನಮ್ಮ ಚಾಳಿನಲ್ಲಿ ಎರಡನೆಯ ಮಹಡಿಯಲ್ಲಿ ಕನ್ನಡದವರ ಮನೆ ಎರಡೇ. ಒಂದು ನಮ್ಮದು, ಇನ್ನೊಂದು ಶಿವಪ್ಪನವರದು. ಅವರು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ಬಿಟ್ಟವರು. ಹೆಂಡತಿ ಗೌರಾಬಾಯಿ, ನನ್ನ ಬಾಯಲ್ಲಿ ಗೌರಕ್ಕ. ಮಗ ಮಾಂತು ಮಸ್ಕತ್ತಿನಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದ. ದೀಪಾಲಿ ಅವನ ಹೆಂಡತಿ, ಸೊಲ್ಲಾಪುರದ ಕಡೆಯವಳು.

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಗಂಡನ ಜೊತೆ ಇದ್ದದ್ದು ಅವನು ರಜೆಗೆ ಬಂದಾಗ ಮಾತ್ರ. ಇದ್ದರೂ ಎಲ್ಲಿ ಅಂತೀರಿ? ಮನೆ ಅಂದರೆ ಎರಡು ಖೋಲಿ, ಎರಡೇ ಕೋಣೆ. ಹೊರಗಿನದರಲ್ಲಿ ಅತ್ತೆ, ಮಾವ ಮತ್ತು ಟಿ.ವಿ. ಒಳಗೆ ಅಡುಗೆಮನೆ, ಅಲ್ಲೇ ಗ್ಯಾಸ್ ಸಿಲಿಂಡರಿನ ಪಕ್ಕ ಇವರ ಹಾಸಿಗೆ. ನಡುವೆ ಬಾಗಿಲಿಲ್ಲ, ಹಳೇ ಸೀರೆಯ ಪರದೆ. ಮಗ ಊರಿಗೆ ಬಂದಾಗಲೇ ಗೌರಕ್ಕನಿಗೆ ರಾತ್ರಿಯೆಲ್ಲ ನೀರಡಿಕೆ. ತಂಬಿಗೆ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ ಎಂದು ನಾನೇ ಒಮ್ಮೆ ಮುಖದ ಮೇಲೆ ಹೇಳಿದ್ದೆ. ತಿಂಗಳು ಮಾತು ಬಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಕೊನೆಗೂ ಮಾಂತು ಅಲ್ಲೊಂದು ಖೋಲಿ ಹಿಡಿದ, ಹೆಂಡತಿಗೆ ವೀಸಾ ಮಾಡಿಸಿದ. ದೀಪಾಲಿ ನನ್ನ ಹತ್ತಿರ ಓಡಿ ಬಂದು ಹೇಳಿದ್ದು ಸಮುದ್ರದ ಮಾತಲ್ಲ, ಬಂಗಾರದ ಮಾತಲ್ಲ. "ಅಕ್ಕಾ, ಆ ಖೋಲಿಗೆ ಬಾಗಲಾ ಅದ ಅಂತ. ಒಳಗಿಂದ ಚಿಲಕ ಹಾಕ್ಕೋಬಹುದಂತ" ಅಂದಳು. ಅಯ್ಯ ಶಿವನೇ, ಇಪ್ಪತ್ತಾರು ವರ್ಷದ ಹೆಣ್ಣಿಗೆ ಇದೊಂದು ಆಸೆಯೇ ಎಂದುಕೊಂಡೆ.

೨೦೦೭ರ ಜೂನ್ ತಿಂಗಳ ಮೊದಲ ವಾರ. ವಿಮಾನ ಇದ್ದದ್ದು ಮಂಗಳವಾರ, ಮುಂಬೈಯಿಂದ. ಮಂಗಳವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವುದುಂಟೇ ಎಂದು ಗೌರಕ್ಕ ಪಟ್ಟು ಹಿಡಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಶಿವಪ್ಪನವರು, "ಪ್ರಸ್ಥಾನ ಇಟ್ರಾತು ಬಿಡು" ಎಂದು ದಾರಿ ತೋರಿಸಿದರು. ಒಳ್ಳೆಯ ದಿನ ನೋಡಿ ಸಾಮಾನನ್ನು ಬೇರೆಯವರ ಮನೆಗೆ ಸಾಗಿಸಿಬಿಟ್ಟರೆ ಪಯಣ ಅವತ್ತೇ ಹೊರಟ ಹಾಗೆ. ಆಮೇಲೆ ಮನುಷ್ಯರು ಯಾವ ವಾರ ಹೋದರೂ ದೋಷವಿಲ್ಲ. ಆದರೆ ಆ ಸಾಮಾನು ತಿರುಗಿ ಮನೆಯ ಹೊಸ್ತಿಲು ದಾಟಬಾರದು. ದಾಟಿದರೆ ಪಯಣ ಮುರಿದಂತೆ.

ಹಾಗೆ ಭಾನುವಾರ ನೀಲಿ ಸೂಟ್‌ಕೇಸ್ ನಮ್ಮ ಮನೆಗೆ ಬಂತು. ಒಳಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ಚಟ್ನಿಪುಡಿಗಳು, ಆರು ಸೀರೆ. ಮನೆಯೆಲ್ಲ ಬೆಳ್ಳುಳ್ಳಿ ಘಮಲು. ಚಾಕಣದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ನನ್ನ ಗಂಡ, "ಯಾರ ಮನಿ ಊಟ ಇದು?" ಎಂದು ಮೂಸಿ ನೋಡಿದರು.

ಸೋಮವಾರ ಟಿ.ವಿ.ಯಲ್ಲಿ ಅದು ಕಾಣಿಸಿತು. ಅರಬ್ಬಿ ಸಮುದ್ರದ ನಡುವೆ ಬೆಳ್ಳಗೆ ತಿರುಗುವ ಚಕ್ರ, ನಡುವೆ ಒಂದು ತೂತು. ಚಂಡಮಾರುತ, ಗೋನು ಎಂದು ಹೆಸರಂತೆ. ಮರಾಠಿ ಸುದ್ದಿಯವನು ಬಾಣದ ಗುರುತು ಎಳೆದು ಒಮಾನಿನ ಕಡೆ, ಮಾಂತು ಇದ್ದ ಮಸ್ಕತ್ತಿನ ಕಡೆಗೇ ತೋರಿಸಿದ. ಶಿವಪ್ಪನವರು ಟಿ.ವಿ. ಮುಂದಿನಿಂದ ಏಳಲಿಲ್ಲ. ಊಟದ ತಾಟನ್ನೂ ಅಲ್ಲಿಗೇ ತರಿಸಿಕೊಂಡರು. ಇಲ್ಲಿ ಪುಣೆಯಲ್ಲಿ ಒಂದೆಲೆ ಅಲ್ಲಾಡುತ್ತಿರಲಿಲ್ಲ. ಸೆಕೆಗೆ ಬೆನ್ನು ಬೇಯುತ್ತಿತ್ತು. ಗಾಳಿಯೆಲ್ಲ ಆ ಪೆಟ್ಟಿಗೆಯೊಳಗೇ ಬೀಸುತ್ತಿತ್ತು, ನಾವು ಬೆವರುತ್ತ ಅದನ್ನು ನೋಡುತ್ತಿದ್ದೆವು.

ಮಂಗಳವಾರ ಏಜೆಂಟ್ ಫೋನ್ ಮಾಡಿ ವಿಮಾನ ರದ್ದಾಗಿದೆ ಅಂದ. ಬುಧವಾರ ಮಾಂತುವಿನ ಫೋನು ಸತ್ತೇ ಹೋಯಿತು. ಎಷ್ಟು ಸಲ ಒತ್ತಿದರೂ ಅದೇ ಹೆಂಗಸಿನ ಇಂಗ್ಲಿಷ್ ದನಿ. ಟಿ.ವಿ.ಯಲ್ಲಿ ಬೀದಿಗಳಲ್ಲಿ ಕಾರು ತೇಲುವುದನ್ನು ತೋರಿಸಿದರು. ದೀಪಾಲಿ ಲಟ್ಟಣಿಗೆ ಹಿಡಿದುಕೊಂಡೇ ಸೀರೆಯ ಪರದೆಯ ಹತ್ತಿರ ಬಂದು ನೋಡುವಳು, ಚಪಾತಿ ಹೊತ್ತಿದ ವಾಸನೆ ಬಂದರೆ ಒಳಗೋಡುವಳು. ನೀರು ತರಲು ಕೆಳಗಿಳಿದರೆ ಕೆಳಗಿನ ಮನೆಯ ಮುದುಕಿ, "ಗೇಲೀ ನಾಹೀ ಕಾ ಸೂನ್‌ಬಾಯಿ?" ಎಂದು ಕೇಳುವಳು, ಇನ್ನೂ ಹೋಗಲಿಲ್ಲವೇ ಸೊಸೆಯೇ ಅಂತ. ಇವಳು "ಉದ್ಯಾ, ಉದ್ಯಾ" ಅನ್ನುವಳು. ನಾಳೆ, ನಾಳೆ.

ಅವತ್ತೇ ಗೌರಕ್ಕ ಮುಡಿಪು ಕಟ್ಟಿದಳು. ಅರಿಷಿಣ ಹಚ್ಚಿದ ಬಟ್ಟೆಯಲ್ಲಿ ನಾಣ್ಯವಿಟ್ಟು ಗಂಟು ಹಾಕಿ ದೇವರ ಮುಂದಿಟ್ಟು ಎಲ್ಲರೂ ಕೇಳುವ ಹಾಗೆ ಅಂದಳು: "ರಾಂಜಣಗಾಂವದ ಗಣಪ್ಪಾ, ನನ್ನ ಮಗನ್ನ ಉಳಿಸಿ ಕೊಡು. ಅವ ಮನಿಗೆ ಬರ್ಲಿ. ಮತ್ತ ಆ ಕಡಿ ಅವನ್ನೂ ಕಳಸೂದಿಲ್ಲ, ಸೊಸಿನ್ನೂ ಕಳಸೂದಿಲ್ಲ." ತಾಯಿ ಕರುಳು, ಅತ್ತುಕೊಂಡೇ ಅಂದಳು. ನನಗೂ ಕಣ್ಣು ತುಂಬಿತು. ತಿರುಗಿ ನೋಡಿದರೆ ದೀಪಾಲಿಯ ಮುಖ ಹಿಟ್ಟಿನ ಹಾಗೆ ಬಿಳಿಚಿತ್ತು.

ಸ್ವಲ್ಪ ಹೊತ್ತಿಗೆ ಸೀರೆ ಬದಲಿಸುವ ನೆಪದಲ್ಲಿ ನಮ್ಮ ಮನೆಗೆ ಬಂದಳು. ಸೂಟ್‌ಕೇಸಿನ ಮುಂದೆ ಕುಕ್ಕರಿಸಿ ಕೂತಳು, ತೆರೆಯಲಿಲ್ಲ.

"ಅಕ್ಕಾ, ಕೈ ಮುಗದ ನಿಂತ್ರ ಏನ್ ಬೇಡ್ಕೋಬೇಕೋ ತಿಳೀವಲ್ದು. ಅವ್ರು ಉಳೀಲಿ ಅಂದ್ರ ನಾ ಇಲ್ಲೇ ಉಳದಂಗ. ನಾ ಹೋಗ್ಬೇಕು ಅಂದ್ರ..." ಬಾಯಿಗೆ ಸೆರಗು ಒತ್ತಿಕೊಂಡಳು. "ಇಂಥಾದ್ದು ತಲ್ಯಾಗರ ಯಾಕ ಬರ್ತದ? ನಾ ಎಂಥಾಕಿರಿ ಅಕ್ಕಾ?"

"ಹುಚ್ಚವ್ವಾ, ಮಾಂತು ಉಳೀಲಿ ಅಂತ ಬೇಡ್ಕೋ. ಉಳಿದದ್ದು ಆಮ್ಯಾಲ ನೋಡೋಣು. ದೇವರೇನ್ ನಿಮ್ಮ ಅತ್ತಿ ಗುಮಾಸ್ತ ಅಲ್ಲ, ಆಕಿ ಹೇಳಿದಂಗ ಮಾಡಾಕ" ಎಂದು ಗದರಿದೆ. ಗದರುವುದು ಸುಲಭ. ಅತ್ತ ದರಿ ಇತ್ತ ಪುಲಿ ಅಂದರೆ ಏನೆಂದು ಅವತ್ತು ಕಣ್ಣಾರೆ ನೋಡಿದೆ.

ಗುರುವಾರ ಗೌರಕ್ಕ ನನ್ನ ಬಾಗಿಲಿಗೇ ಬಂದಳು. "ಕುಸುಮಾ, ಆ ಸೂಟ್‌ಕೇಸ್ ಕೊಡು. ಪ್ರಸ್ಥಾನ ಮುರದಬಿಡ್ತೀನಿ. ಅದು ಹೊರಗಿರೂದಕ್ಕ ನನ್ನ ಮಗನ ಸುದ್ದಿ ಇಲ್ಲ."

"ಇಟ್ಟಾಕಿ ದೀಪಾಲಿ. ಆಕಿ ಕೇಳ್ಲಿ, ಕೊಡ್ತೀನಿ."

"ನಾ ಮುಡಿಪು ಕಟ್ಟೇನಿ."

"ಗೌರಕ್ಕಾ, ಕಟ್ಟಿದಾಕಿ ನೀವು, ತೀರಿಸಾಕಿ ಆಕಿ ಯಾಕ್ರಿ?"

"ನಿಂಗೇನ್ ತಿಳೀತದ! ನಿನ್ನ ಗಂಡ ಚಾಕಣಕ್ಕ ಹೋಗಿ ಸಂಜಿಗೆ ಮನಿಗೆ ಬರ್ತಾನ" ಅಂದು ಹೊರಟುಹೋದಳು. ನಿಜವಾದ ಮಾತೇ ಅದು.

ಶುಕ್ರವಾರ ಮಧ್ಯಾಹ್ನ ಅವರ ಫೋನು ಬಡಿದುಕೊಂಡಿತು. ನಾನೂ ಓಡಿದೆ. ಶಿವಪ್ಪನವರು ಗಡಿಬಿಡಿಯಲ್ಲಿ ಸ್ಪೀಕರ್ ಗುಂಡಿ ಒತ್ತಿಬಿಟ್ಟಿದ್ದರು. ಮಾಂತು! ಗೋದಾಮಿನ ಮಾಳಿಗೆಯ ಮೇಲೆ ಹತ್ತಿ ಕೂತು ಬದುಕಿದ್ದನಂತೆ, ಸುತ್ತ ನೀರು. ಗೌರಕ್ಕ ಅಳುತ್ತ ಮುಡಿಪಿನ ಸುದ್ದಿ ಹೇಳಿದಳು. ಈಗ ಬೈತಾನೆ, ಹೆಂಡತಿಯನ್ನು ಕಳಿಸು ಅಂತಾನೆ ಎಂದು ನಾನು ಕಿವಿಯಾಗಿ ನಿಂತೆ.

"ಛಲೋ ಮಾಡಿದಿ ಅವ್ವಾ" ಅಂದ ಅವನು. ದನಿ ಸಣ್ಣ ಹುಡುಗನ ದನಿಯಾಗಿತ್ತು. "ನಂಗೂ ಸಾಕಾತು. ನೌಕರಿ ಬಿಟ್ಟು ಬಂದಬಿಡ್ತೀನಿ. ಆ ನೀರಾಗ ಕುಂತಾಗ ಒಂದ ಕಾಣ್ತಿತ್ತು ನೋಡು, ನಮ್ಮ ಅಡಗಿಮನಿ. ಅಲ್ಲಿ ಬಂದು ಬಿದ್ದಕೊಂಡ್ರ ಸಾಕು ಅನಸ್ತಿತ್ತು. ದೀಪಾ, ಕೇಳಾಕತ್ತೀಯಿಲ್ಲೋ? ಖುಷಿ ಆತಿಲ್ಲೋ?"

"ಆತ್ರಿ" ಅಂದಳು ದೀಪಾಲಿ. ಅಂದು ಬಿಕ್ಕಿ ಬಿಕ್ಕಿ ಅತ್ತಳು. ಗೌರಕ್ಕ ಸೊಸೆಯನ್ನು ತಬ್ಬಿಕೊಂಡು ತಾನೂ ಅತ್ತಳು. ಸುಳ್ಳಲ್ಲ, ದೀಪಾಲಿಗೆ ಖುಷಿ ಆಗಿತ್ತು. ಗಂಡ ಬದುಕಿದ್ದ. ನನಗೋ ಸಿಟ್ಟು ನೆತ್ತಿಗೇರಿತ್ತು, ಆದರೆ ಬೈಯೋಣವೆಂದರೆ ಒಬ್ಬರೂ ಸಿಗಲಿಲ್ಲ. ತಾಯಿಯದು ತಪ್ಪೇ? ಹೆದರಿ ಸತ್ತು ಬದುಕಿದವನದು ತಪ್ಪೇ? ಗೋಡೆಗೆ ಬೈಯಲೇ?

ಸಂಜೆ ದೀಪ ಹಚ್ಚುವ ಹೊತ್ತಿಗೆ ದೀಪಾಲಿ ಸೂಟ್‌ಕೇಸ್ ಒಯ್ಯಲು ಬಂದಳು. ಹಿಡಿಕೆ ಹಿಡಿದಳು, ಬಿಟ್ಟಳು. ಮತ್ತೆ ಹಿಡಿದಳು. ಅತ್ತಲಿಂದ ಗೌರಕ್ಕ ಕೂಗಿದಳು: "ದೀಪಾ, ಲಗೂನ ತಾ. ರೊಟ್ಟಿ ತಗದ ಡಬ್ಬ್ಯಾಗ ಹಾಕು, ಮೆತ್ತಗಾಗ್ತಾವ."

ದೀಪಾಲಿ ನನ್ನ ಮುಖ ನೋಡಿದಳು. "ಅಕ್ಕಾ, ನಾಳೆ ಒಯ್ತೀನಲ್ಲ? ಇವತ್ತೊಂದಿನ ನಾ ಹೊಂಟಾಕಿನ ಇರ್ತೀನಿ."

ನಾನು ಸೀದಾ ಹೊರಗೆ ಬಂದು ಇಡೀ ಚಾಳು ಕೇಳುವ ಹಾಗೆ ಕೂಗಿದೆ: "ಗೌರಕ್ಕಾ, ಇವತ್ತ ಶುಕ್ರವಾರ ರೀ! ದೀಪ ಹಚ್ಚೇನಿ. ಇನ್ನ ನಮ್ಮ ಮನ್ಯಾಗಿಂದ ಒಂದು ಸಾಮಾನೂ ಹೊರಗ ಕೊಡೂದಿಲ್ಲ!"

ಇಂಥ ಶಾಸ್ತ್ರಗಳನ್ನೆಲ್ಲ ನನಗೆ ಕಲಿಸಿದವಳೇ ಅವಳು. ಬಾಗಿಲಿಂದ ಒಳಗೆ ಸರಿದಳು. ಶನಿವಾರ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಗೌರಕ್ಕ ಸೂಟ್‌ಕೇಸಿಗಾಗಿ ಬಂದು ನನ್ನ ಬಾಗಿಲಲ್ಲಿ ನಿಂತಿದ್ದಳು.